ಟೈಲರ್ ಮಗಳ ಲಂಗೋಟಿ

ಬೆಳಿಗ್ಗೆ ಟೈಲರ್ ಮಗಳ ಡೈಪರ್ ಬಿಚ್ಚಿದ. ತೊಡೆಸಂದಿಯ ಕೆಂಪು ನಿನ್ನೆಗಿಂತ ಅಗಲವಾಗಿತ್ತು. ನೀರಲ್ಲಿ ಅದ್ದಿದ ಹತ್ತಿ ಸೋಕಿದರೂ ಮಗು ಕಾಲು ಮಡಚಿಕೊಂಡು ಅಳುತ್ತಿತ್ತು. ಮೂಗು ಶರ್ಟಿನ ಗುಂಡಿಯಷ್ಟೇ ಇದೆಯೆಂದು ಮನೆಯವರೆಲ್ಲ ಅವಳನ್ನು ಬಟನ್ ಎನ್ನುತ್ತಿದ್ದರು.

"ಗಾಳಿ ಆಡ್ಬೇಕು ಅಂದ್ರಲ್ಲ ಡಾಕ್ಟ್ರು. ಇನ್ಮೇಲೆ ಬಟ್ಟೇದೇ ಹಾಕೋಣ," ಎಂದ ಹೆಂಡತಿಗೆ.

ಹೆಂಡತಿ ಬಸ್ ಕಂಡಕ್ಟರ್. ಹೆರಿಗೆ ರಜೆ ಮುಗಿದು ಸೋಮವಾರ ಡ್ಯೂಟಿಗೆ ಹಾಜರಾಗಬೇಕಿತ್ತು.

"ಹಾಕೋಣ ಅನ್ನೋದು ಸುಲಭ. ದಿನಕ್ಕೆ ಹದಿನೈದು ಒಗೆಯೋರು ಯಾರು? ಅತ್ತೆಗೆ ಮಂಡಿನೋವು. ನಾನು ಎಂಟು ಗಂಟೆ ಬಸ್ಸಲ್ಲಿ ನಿಂತು ಬಂದು ಮತ್ತೆ ಬಕೆಟ್ ಮುಂದೆ ಕೂರ್ಬೇಕಾ? ಕೆಲಸ ಬಿಡು ಅಂತ ನೆಟ್ಟಗೆ ಹೇಳಿಬಿಡಿ."

ಅವನು ಹಾಗೆ ಅಂದಿರಲಿಲ್ಲ. ಆದರೆ ಒಗೆಯುವವರು ಯಾರೆಂದು ಯೋಚಿಸಿಯೂ ಇರಲಿಲ್ಲ. ಎದ್ದು, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಹೋದ. ಬಾಯಿ ಕಟ್ಟಿದಾಗಲೆಲ್ಲ ಅವನು ಮೆಷಿನ್ ತುಳಿಯುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಆರು ಲಂಗೋಟಿ ಸಿದ್ಧವಾದವು. ಥಾನಿನಿಂದ ಆಗಷ್ಟೇ ಕತ್ತರಿಸಿದ ಬಿಳಿ ಕಾಟನ್, ಜೋಡಿ ಹೊಲಿಗೆ, ಸೊಂಟದ ಪಟ್ಟಿಯೊಳಗೆ ಕಾಲರಿಗೆ ಇಡುವ ಗಟ್ಟಿ ಕ್ಯಾನ್ವಾಸ್, ಮೇಲೆ ಇಸ್ತ್ರಿ. ತೊಡಿಸಿದರೆ ಬಟನ್ ಕವಾಯತು ನೋಡಲು ಬಂದ ಅಧಿಕಾರಿಯಂತೆ ಬಿಗಿದುಕೊಂಡಳು. ಹತ್ತು ನಿಮಿಷದಲ್ಲಿ ಉಚ್ಚೆಯೆಲ್ಲ ಅಜ್ಜಿಯ ಮಡಿಲಿಗೆ ಇಳಿದಿತ್ತು. ಲಂಗೋಟಿ ಅರ್ಧವೂ ನೆನೆದಿರಲಿಲ್ಲ.

"ಇದು ಮಗೂಗೆ ಹೊಲಿದಿದ್ದೋ, ಮಂತ್ರಿಗೋ?" ಎಂದಳು ಅವನ ತಾಯಿ. "ಹೊಸ ಬಟ್ಟೆ ನೀರು ಹೀರಲ್ಲ ಕಣೋ, ಗಂಜಿ ಬಿಡೋವರೆಗೂ ಒಗೀಬೇಕು. ನನ್ನ ಹಾಸಿಗೆ ಮೇಲಿನ ಹಾಸು ತಗೋ. ಹತ್ತು ವರ್ಷ ಒಗೆದು ಒಗೆದು ಬೆಣ್ಣೆ ಆಗಿದೆ."

"ಹಳೇ ಬಟ್ಟೆಗೆ ಕತ್ತರಿ ಹಾಕಿದವನಲ್ಲಮ್ಮ ನಾನು."

"ನಿನ್ನ ಗತ್ತು ನೋಡಿ ಅವಳ ಚರ್ಮ ವಾಸಿಯಾಗುತ್ತಾ?"

ಒಳಗಿಂದ ಹೆಂಡತಿಯ ನಗು ಕೇಳಿಸಿತು. ಮೂರು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಟೈಲರ್ ಕತ್ತರಿ ಎತ್ತಿಕೊಂಡ.

ಈ ಸಲ ಪಟ್ಟಿಯಿಲ್ಲ, ಕ್ಯಾನ್ವಾಸಿಲ್ಲ. ಅಂಚು ಮಡಚಿದ ಇಪ್ಪತ್ತು ಮೆತ್ತನೆಯ ಚೌಕಗಳು, ಅಷ್ಟೇ. ಸಂಜೆ ಕೊಳೆಯಾದ ನಾಲ್ಕನ್ನು ಬಕೆಟ್ಟಿಗೆ ಹಾಕಿಕೊಂಡು ತಾನೇ ನಲ್ಲಿಯ ಹತ್ತಿರ ಕುಳಿತ.

"ಅಂಗಡಿ ತೆಗೆಯೋದು ಹತ್ತಕ್ಕೆ. ಅಷ್ಟರೊಳಗೆ ದಿನಾ ನಾನು ಒಗೆದು ಮುಗಿಸ್ತೀನಿ," ಎಂದ, ತಲೆ ಎತ್ತದೆ.

ಹೆಂಡತಿ ಬಾಗಿಲಿಗೆ ಬಂದಳು.

"ಮೊದಲು ಹಿಂಡೋದು ಕಲೀರಿ. ರೇಷ್ಮೆ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀರಿ," ಎಂದಳು. ಒಳಗೆ ಹೋಗಿ, ಪೆಟ್ಟಿಗೆಯಿಂದ ಯೂನಿಫಾರ್ಮ್ ತೆಗೆದು ಕೊಡವಿದಳು.

ಸೋಮವಾರ ಅವಳು ಡ್ಯೂಟಿಗೆ ಹೋದಳು. ವಾರ ಕಳೆಯುವುದರೊಳಗೆ ಕೆಂಪು ಇಳಿಯಿತು. ಲಂಗೋಟಿ ಬಿಚ್ಚಿದರೆ ಬಟನ್ ಈಗ ಗಾಳಿಯಲ್ಲಿ ಸೈಕಲ್ ತುಳಿದು ಕೇಕೆ ಹಾಕುತ್ತಿದ್ದಳು. ಕಸದ ಗಾಡಿಯ ಹೆಂಗಸು ಚೀಲವನ್ನು ಎತ್ತಿ ನೋಡಿ, "ಏನು ಇಷ್ಟು ಹಗುರ? ಮಗು ನೆಂಟರ ಮನೆಗೆ ಹೋಗಿದೆಯಾ?" ಎಂದು ಕೇಳಿದಳು.

ಬಿಸಿಲು ಬೀಳುತ್ತಿದ್ದುದು ಅಂಗಡಿಯ ಮುಂದೆ ಮಾತ್ರ. ಹಾಗಾಗಿ ಟೈಲರ್ ಅಲ್ಲೇ ತಂತಿ ಕಟ್ಟಿ ಲಂಗೋಟಿ ಒಣಹಾಕಿದ. ಪ್ಯಾಂಟ್ ಒಯ್ಯಲು ಬಂದ ಬ್ಯಾಂಕಿನ ಗುಮಾಸ್ತ ತಲೆ ಬಗ್ಗಿಸಿ ಅದರಡಿ ನುಸುಳಿದ.

"ಏನ್ ಮಾಸ್ಟ್ರೇ, ಬಾವುಟದ ವ್ಯಾಪಾರಾನೂ ಶುರುವಾಯ್ತಾ?"

"ಮನೇಲಿ ಈಗ ಮಗಳ ರಾಜ್ಯ ಸಾರ್. ಬಾವುಟ ಬೇಡ್ವಾ?"

ಗುಮಾಸ್ತ ನಗುತ್ತಲೇ ಒಂದು ಚೌಕವನ್ನು ಬೆರಳಿನಿಂದ ಮುಟ್ಟಿದ. "ನಮ್ಮ ಪಾಪೂಗೂ ಕೆಂಪಾಗಿದೆ ಕಣ್ರೀ. ಒಂದು ಡಜನ್ ಮಾಡ್ಕೊಡಿ, ನನ್ನ ಹೆಂಡತಿಗೆ ಕೊಡ್ತೀನಿ."

"ಹಳೇ ಹಾಸು ತಂದುಕೊಡಿ, ಒಂದು ಗಂಟೆ ಸಾಕು. ಒಗೆಯೋರು ಯಾರು?"

ಗುಮಾಸ್ತ ಬೆರಳು ಹಿಂದೆಗೆದ. ತಂತಿಯನ್ನು ನೋಡಿದ. ಟೈಲರನ ಸುಕ್ಕುಗಟ್ಟಿದ ಒದ್ದೆ ಬೆರಳುಗಳನ್ನು ನೋಡಿದ. ಟೈಲರ್ ಅವಸರ ಮಾಡದೆ ಸೂಜಿಗೆ ದಾರ ಪೋಣಿಸುತ್ತಿದ್ದ.

"ಯಾವ ಸೋಪು ಹಾಕ್ತೀರಿ?" ಎಂದು ಕೊನೆಗೆ ಗುಮಾಸ್ತ ಕೇಳಿದ.