ಐದೇ ನಿಮಿಷ ಕೂತ್ಕೋ

ಭಾನುವಾರದ ಚರ್ಚು ಮುಗಿದು, ನೆಲಗುಂಡಿಯ ಒಲೆಯಲ್ಲಿ ಬೆಂದ ಹಂದಿಯೂ ಗೆಡ್ಡೆಗಳೂ ಖಾಲಿಯಾಗಿ, ದುಡಿಯಲು ಬಂದ ಪರದೇಶದ ರಾಬಿನ್‌ವೇಲ್ ಊರಿನ ದ್ರಾಕ್ಷಿತೋಟದ ನಡುವಿನ ಆ ಮನೆಯಲ್ಲಿ ಎಲ್ಲರೂ ಗೊರಕೆ ಹೊಡೆಯಬೇಕಾದ ಹೊತ್ತು. ಓಫಾ ಮಾತ್ರ ಅಡುಗೆಮನೆಯ ಮೇಜಿನ ಮುಂದೆ, ಸಕ್ಕರೆ ಡಬ್ಬಿಗೆ ಫೋನು ಒರಗಿಸಿಕೊಂಡು ಕೂತಿದ್ದಳು. ಕಡಲಾಚೆ, ಟೋಂಗಾದ ವವಾಉ ದ್ವೀಪದಲ್ಲಿ, ಅವಳ ತಾಯಿ ಸೇಲಾ ಸಾಯುತ್ತಿದ್ದಳು. ಫೋನಿನ ಪರದೆಯಲ್ಲಿ ಆ ಮುಖ ಚೌಕ ಚೌಕವಾಗಿ ಒಡೆದು, ಕೂಡಿ, ಮತ್ತೆ ಒಡೆಯುತ್ತಿತ್ತು.

"ಅಕ್ಕಾ, ನಿನ್ ಮಾತು ತುಂಡು ತುಂಡಾಗಿ ಬರ್ತಿದೆ," ಎಂದ ಹಾಸಿಗೆಯ ಪಕ್ಕದಲ್ಲಿದ್ದ ತಮ್ಮ ಸಾಮಿಯು. "ಅಮ್ಮ ಎಚ್ಚರ ಆದಾಗೆಲ್ಲ ನಿನ್ನೇ ಕೇಳ್ತಾಳೆ. ಪಾದ್ರಿಗಳು ಬಂದ್ರು. ಹಾಡು ಮುಗಿಸಿ ಮತ್ತೆ ಫೋನ್ ಮಾಡ್ತೀನಿ. ಅಲ್ಲೇ ಇರು."

ಮುಖ ಯಾಕೆ ಒಡೆಯುತ್ತಿದೆ ಎಂಬುದು ಓಫಾಳ ಗಂಡ ಮಾಕಾನಿಗೆ ಗೊತ್ತಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಲೊಪೆಟಿ ಮತ್ತವನ ಹಣ್ಣು ಕೀಳುವ ಬಳಗ, ಒಬ್ಬೊಬ್ಬರೂ ಒಂದೊಂದು ಫೋನು ಹಿಡಿದು ರಗ್ಬಿಯ ರಗಳೆಯಲ್ಲಿ ಮುಳುಗಿದ್ದರು. ಮನೆಯ ಇಂಟರ್ನೆಟ್ಟೆಲ್ಲ ಅತ್ತ ಹರಿಯುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಲೊಪೆಟಿ ಮಾಕಾನ ಸೋದರತ್ತೆಯ ಮಗ. ಸೋದರತ್ತೆಯ ಮಕ್ಕಳು ಹೊದ್ದ ಕಂಬಳಿ ಎಳೆದುಕೊಂಡು ಹೋದರೂ ದಿಂಬು ಬೇಡವಾ ಅಣ್ಣ ಎಂದು ಕೇಳಬೇಕು, ಬೇಡ ಎನ್ನುವ ಪದ ಅವರೆದುರು ಬಾಯಿಗೆ ಬರಕೂಡದು. ಟೋಂಗಾದವರ ಮರ್ಯಾದೆ ಅಂಥದ್ದು.

ಹಾಗಾಗಿ ಮಾಕಾ ಶೆಡ್ಡಿಗೆ ಹೋಗಲಿಲ್ಲ. ನಡುಮನೆಯ ಮೂಲೆಯಲ್ಲಿದ್ದ ರೂಟರಿನ ಹತ್ತಿರ ಹೋದ.

ಅದನ್ನು ನಡೆಸಲು ಕಂಪನಿಯವರು ತುಂಬಿಕೊಟ್ಟ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು ಕಿತ್ತು, ಹವ್ಯಾಸಿಗಳು ಬರೆದದ್ದೊಂದನ್ನು ಅವನೇ ತುಂಬಿದ್ದ. ಚರ್ಚಿನಲ್ಲಿ ಅದನ್ನು ಹೇಳಿಕೊಳ್ಳದ ವಾರವಿಲ್ಲ. ಈಗ ಲ್ಯಾಪ್‌ಟಾಪ್ ತೆರೆದು, ಶೆಡ್ಡಿನ ಫೋನುಗಳನ್ನು ಸದ್ದಿಲ್ಲದೆ ಹೊರಗಿಡುವ ಒಂದು ನಿಯಮ ಬರೆದ. ಯಾವ ಫೋನುಗಳು ಎಂದು ತುಂಬುವ ಜಾಗವನ್ನು ಅವಸರದಲ್ಲಿ ಖಾಲಿ ಬಿಟ್ಟ. ಖಾಲಿ ಬಿಟ್ಟರೆ ಎಲ್ಲವೂ ಎಂದು ಅದರ ಲೆಕ್ಕ. ರೂಟರು ಅದನ್ನು ಪರೀಕ್ಷಿಸಿ, ಹೀಗೆ ಮಾಡಿದರೆ ನೀನೇ ನನ್ನನ್ನು ಮುಟ್ಟಲಾರೆ ಎಂದು ಎಚ್ಚರಿಸಿ, ತಾನಾಗಿಯೇ ಹಳೆಯ ಸ್ಥಿತಿಗೆ ಮರಳಿತು.

"ನನಗೇ ಬುದ್ಧಿ ಹೇಳುತ್ತೆ ಮುಂಡೇದು," ಎಂದು ಮಾಕಾ 'ಪರೀಕ್ಷೆ ಬೇಡ, ಜಾರಿ ಮಾಡು' ಎಂಬುದನ್ನು ಒತ್ತಿದ.

ಶೆಡ್ಡಿನ ಗದ್ದಲ ನಿಂತಿತು. ಓಫಾಳ ಫೋನೂ ಸತ್ತಿತು. ಲ್ಯಾಪ್‌ಟಾಪಿಗೂ ರೂಟರು ಮುಖ ಕೊಡಲಿಲ್ಲ.

"ಏನ್ ಮಾಡ್ದೆ?" ಎಂದಳು ಓಫಾ, ಬಾಗಿಲಲ್ಲಿ ನಿಂತು.

"ಏನಿಲ್ಲ ಕಣೇ. ಒಂದು ಸಣ್ಣ ತಪ್ಪು."

ಅವಳು ಕಾರಿನ ಕೀ ತೆಗೆದುಕೊಂಡಳು. ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ; ಹೆದ್ದಾರಿಯ ಗೋಧಿ ಕಣಜದ ಹತ್ತಿರ ಹೋದರೆ ಸಿಗುತ್ತದೆ. "ನಾನು ಕಣಜದ ಹತ್ರ ಹೋಗ್ತೀನಿ."

ಮಾಕಾನಿಗೆ ಅವಮಾನವಾಯಿತು. ಮೀಸೆಯಡಿಯಲ್ಲೇ ನಕ್ಕು, ಅರ್ಧ ಮೂಗಿನಲ್ಲಿ ಅರ್ಧ ಗಂಟಲಲ್ಲಿ, ಅತ್ತೆ ಸೇಲಾಳ ದನಿ ತೆಗೆದ. "ಏ ಓಫಾ, ಲಂಗಕ್ಕೆ ಬೆಂಕಿ ಬಿದ್ದಿದ್ಯೇನೇ? ಐದೇ ನಿಮಿಷ ಕೂತ್ಕೋ. ಗಂಡ ದಡ್ಡ ನಿಜ, ಕೈ ಚುರುಕು."

ಅವನು ಅತ್ತೆಯ ದನಿ ತೆಗೆದರೆ ಅಳುತ್ತಿದ್ದವರೂ ನಗುತ್ತಿದ್ದರು. ಫೋನಿನಲ್ಲಿ ಕೇಳಿ ಸೇಲಾಳೇ ಎಷ್ಟೋ ಸಲ ಬಿದ್ದು ಬಿದ್ದು ನಕ್ಕಿದ್ದಳು. ಬೆಳಗಿನಿಂದ ಬಿಗಿದುಕೊಂಡಿದ್ದ ಓಫಾಳ ಮುಖವೂ ಸಡಿಲವಾಯಿತು. "ಹಾಳಾದೋನೇ," ಎಂದು ನಕ್ಕಳು. ಕೀ ಕೈಯಲ್ಲಿ ಹಿಡಿದೇ, ಅವನು ಕಾಣುವ ಹಾಗೆ ಅಡುಗೆಮನೆಯ ಮೇಜಿನ ಮುಂದೆ ಕೂತಳು.

ಇಂಥ ಹೊತ್ತಿಗೆಂದೇ ಆ ಫರ್ಮ್‌ವೇರಿನಲ್ಲಿ ಒಂದು ಹಿಂಬಾಗಿಲಿತ್ತು. ಕರೆಂಟು ತೆಗೆದು ಹಾಕಿ, ದೀಪ ಪಟಪಟ ಮಿನುಗುವ ಕ್ಷಣಕ್ಕೆ ಸರಿಯಾಗಿ ಬೆನ್ನಿನ ಗುಂಡಿ ಒತ್ತಿದರೆ, ಬರೆದಿಟ್ಟ ನಿಯಮಗಳನ್ನೆಲ್ಲ ಪಕ್ಕಕ್ಕಿಟ್ಟು ರೂಟರು ಬರಿಗೈಯಲ್ಲಿ ಎದ್ದು ಕೂರುತ್ತದೆ. ಮೊದಲ ಸಲ ಮಾಕಾ ಬೇಗ ಒತ್ತಿದ. ಎರಡನೇ ಸಲ ತಡವಾಯಿತು. ಲ್ಯಾಪ್‌ಟಾಪನ್ನು ರೂಟರಿಗೆ ಜೋಡಿಸುವ ತಂತಿ ಹುಡುಕಲು ಕಪಾಟು ಬುಡಮೇಲಾಯಿತು. ತಂತಿ ಸಿಕ್ಕರೆ ಲ್ಯಾಪ್‌ಟಾಪಿಗೆ ನೆಟ್‌ವರ್ಕಿನ ವಿಳಾಸ ಕೈಯಾರೆ ಕೊಡಬೇಕೆನ್ನುವುದು ಬಹಳ ಹೊತ್ತು ನೆನಪಾಗಲಿಲ್ಲ.

"ಮಾಕಾ, ನಾನು ಹೋಗ್ಲಾ?"

"ಬಂತು ಬಂತು. ದೀಪ ನೋಡು, ಬಂತು."

ಮತ್ತೊಂದು ಸಲ ಕೇಳಿದಳು. ಆಮೇಲೆ ಅವನ ಬೆನ್ನನ್ನೇ ನೋಡುತ್ತಾ ಕೂತಳು.

ಕೊನೆಗೂ ದೀಪ ಮಿನುಗುವಾಗ ಬೆರಳು ಗುಂಡಿಯ ಮೇಲಿತ್ತು. ಕಪ್ಪು ಪರದೆ ಪಾಸ್‌ವರ್ಡೂ ಕೇಳದೆ ಒಳಗೆ ಬಿಟ್ಟುಕೊಂಡಿತು. ಮಾಕಾ ತಾನು ಬರೆದ ನಿಯಮ ಹುಡುಕಿ ಅಳಿಸಿದ. ರೂಟರು ಆರಿ, ಹತ್ತಿ, ಹಸಿರಾಯಿತು. ಶೆಡ್ಡಿನಿಂದ ರಗ್ಬಿಯ ಕೂಗು ಮತ್ತೆ ಎದ್ದಿತು.

"ಹೇಳ್ಲಿಲ್ವಾ ನಾನು?" ಎಂದು ಮಾಕಾ ತಿರುಗಿದ.

ಮೇಜಿನ ಮೇಲೆ ಓಫಾಳ ಫೋನು ನಡುಗತೊಡಗಿತ್ತು. ತಡೆದಿಟ್ಟದ್ದೆಲ್ಲ ಒಟ್ಟಿಗೆ ಬರುತ್ತಿತ್ತು. ಸಾಮಿಯು ಕರೆದಿದ್ದ, ಮತ್ತೆ ಕರೆದಿದ್ದ. 'ಅಕ್ಕ ಎಲ್ಲಿದೀಯ.' 'ಅಮ್ಮ ಎದ್ದಿದ್ದಾಳೆ, ನಿನ್ ಹೆಸರು ಹೇಳ್ತಿದ್ದಾಳೆ.' 'ಅಕ್ಕ ಫೋನ್ ಎತ್ತು.' ಕೊನೆಯದು ಚಿಕ್ಕದು. 'ಹೋದಳು.'

ಓಫಾ ಫೋನನ್ನು ಮಗುಚಿ ಹಾಕಿದಳು.

ಆಗಲೇ ಲೊಪೆಟಿ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡ. "ಲೋ ಮಾಕಾ, ನಿನ್ ಡಬ್ಬಿಗೆ ಏನಾಗಿತ್ತೋ? ಸರಿಯಾದ ಹೊತ್ತಿಗೆ ಕೈ ಕೊಡ್ತಲ್ಲ." ಓಫಾಳ ಮುಖ ಕಂಡು ಅವನ ನಗು ಕರಗಿತು. ಮೆಲ್ಲಗೆ ಕೇಳಿ ತಿಳಿದುಕೊಂಡ. ತಲೆಯ ಟೋಪಿ ತೆಗೆದ. "ಒಂದು ಮಾತು ಹೇಳ್ಬಾರ್ದಿತ್ತಾ, ಮಾಕಾ. ನಾವೇ ಆರಿಸ್ತಿದ್ವಲ್ಲೋ," ಎಂದು ಹೇಳಿ ಹೋದ. ಶೆಡ್ಡಿನ ಸದ್ದು ಒಂದೊಂದಾಗಿ ಅಡಗಿತು.

ಮಾಕಾ ಹೆಂಡತಿಯ ಎದುರು ನೆಲದ ಮೇಲೆ ಕೂತ. ಅವಳ ಕೈ ಮುಟ್ಟಲು ಹೋದ. ಆ ಕೈಯಲ್ಲಿ ಕೀ ಇನ್ನೂ ಇತ್ತು. ಅದರ ಹಲ್ಲುಗಳು ಅಂಗೈಯಲ್ಲಿ ಅಚ್ಚೊತ್ತಿದ್ದವು.

"ಅಮ್ಮನ ಹಾಗೆ ಮಾತಾಡು," ಎಂದಳು ಓಫಾ.

"ಓಫಾ."

"ಆಗ ಕೂತ್ಕೋ ಅನ್ನಿಸ್ದೆಯಲ್ಲ ಅವಳ ಕೈಲಿ. ಕೂತೆ. ಈಗ ಎದ್ದು ಹೋಗು ಅನ್ನಿಸು."

ಮಾಕಾ ಬಾಯಿ ತೆರೆದ. ಮೂಗಿಗೆ ಅರ್ಧ, ಗಂಟಲಿಗೆ ಅರ್ಧ ಉಸಿರು ತಂದುಕೊಂಡ. ಪಾದ್ರಿಯ ದನಿ, ತೋಟದ ಮಾಲೀಕನ ದನಿ, ಊರಿನ ನಾಯಿ ಕೋಳಿಗಳ ದನಿ ಬರುತ್ತಿದ್ದ ಆ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಓಫಾ ಕಾರಿನ ಕೀಯನ್ನು ಮಡಿಲಲ್ಲಿಟ್ಟುಕೊಂಡು, ಅವನ ತುಟಿಗಳನ್ನೇ ನೋಡುತ್ತಾ ಕಾದಳು.