ರವಾನೆ ವಿಭಾಗದ ಅರ್ಧ ನಿಮಿಷ

ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರು ಬೆಳಗ್ಗೆ ಬೆಳಗ್ಗೆ ಫೋನ್ ಬಡಿದುಕೊಂಡರೆ ಶಪಿಸುತ್ತಾರೆ. ಆ ಮುದ್ರಣಾಲಯದ ಸಿಸ್ಟಮ್ ಮೇಡಂ ಮಾತ್ರ ಅದಕ್ಕಾಗಿಯೇ ಚಹಾ ಬದಿಗಿಟ್ಟು ಕಾಯುತ್ತಿದ್ದಳು. ಎರಡನೆಯ ರಿಂಗಿಗೂ ಬಿಡುತ್ತಿರಲಿಲ್ಲ.

“ರವಾನೆಯಿಂದ. ಇವತ್ತೂ ಫೈಲ್ ಓಪನ್ ಆಗ್ತಿಲ್ಲ.”

“ಸ್ವಲ್ಪ ತಡಿ, ಆಗುತ್ತೆ.”

ಅತ್ತ ಇದ್ದವನು ಅವಳ ಒಡಹುಟ್ಟಿದ ತಮ್ಮ. ಅಮ್ಮನಿಗೆ ಆಪರೇಷನ್ ಬೇಡ, ಮನೆಗೇ ಕರೆದುಕೊಂಡು ಹೋಗೋಣ ಎಂದು ಅವನು ಅಂಗಲಾಚಿದ್ದ. ಇವಳು ಹಟ ಹಿಡಿದು ಸಹಿ ಹಾಕಿದ್ದಳು. ಅಮ್ಮ ಆಪರೇಷನ್ ಮೇಜಿನ ಮೇಲಿಂದ ಏಳಲಿಲ್ಲ. ಅಂದಿನಿಂದ ಅವನ ಬಾಯಲ್ಲಿ ‘ಅಕ್ಕ’ ಎಂಬ ಮಾತು ಬಂದಿಲ್ಲ. ಇಬ್ಬರೂ ಒಂದೇ ಕಟ್ಟಡದಲ್ಲಿ ದುಡಿಯುತ್ತಾರೆ. ಮೆಟ್ಟಿಲಲ್ಲಿ ಎದುರಾದರೆ ಅವನು ಗೋಡೆ ನೋಡಿಕೊಂಡು ಇಳಿದುಹೋಗುತ್ತಾನೆ.

ಫೈಲುಗಳೆಲ್ಲ ಇರುವ ಸರ್ವರ್ ದೊಡ್ಡ ಅನುಮಾನದ ಪ್ರಾಣಿ. ಯಾವ ಕಂಪ್ಯೂಟರ್ ಬಾಗಿಲು ತಟ್ಟಿದರೂ ಅದರ ನಂಬರ್ ನೋಡಿ, ‘ಈ ನಂಬರಿನವರ ಹೆಸರೇನು?’ ಎಂದು ವಿಚಾರಿಸಿಯೇ ಒಳಗೆ ಬಿಡುವುದು. ಬೇರೆ ವಿಭಾಗಗಳ ಹೆಸರು ಕಣ್ಣು ಮಿಟುಕಿಸುವುದರೊಳಗೆ ಸಿಗುತ್ತಿತ್ತು. ರವಾನೆಯ ನಂಬರುಗಳ ಹೆಸರನ್ನು ಮಾತ್ರ ಒಂದು ಹಳೆಯ ಯಂತ್ರವನ್ನು ಕೇಳಬೇಕಿತ್ತು. ಅದೋ, ಎಂದೋ ಗುಜರಿ ಸೇರಿತ್ತು. ಬಾರದ ಉತ್ತರಕ್ಕೆ ಅರ್ಧ ನಿಮಿಷ ಕಾದು, ಬೇಸತ್ತು, ಸರ್ವರ್ ಬಾಗಿಲು ತೆರೆಯುತ್ತಿತ್ತು. ಕೆಲವು ದಿನ ತೆರೆಯುತ್ತಲೇ ಇರಲಿಲ್ಲ.

ಮೊದಲ ದಿನವೇ ಅವಳು ಇದನ್ನು ಕಂಡುಹಿಡಿದಿದ್ದಳು. ಸರಿಪಡಿಸಿರಲಿಲ್ಲ, ಅಷ್ಟೆ. ಆ ಅರ್ಧ ನಿಮಿಷ ಅವನು ಫೋನ್ ಇಡುತ್ತಿರಲಿಲ್ಲವಲ್ಲ. ಅವನ ಉಸಿರು ಕೇಳುತ್ತಿತ್ತು, ಕೆಮ್ಮು ಕೇಳುತ್ತಿತ್ತು, ಲೋಟ ಮೇಜಿಗೆ ತಾಗಿದ ಸದ್ದು ಕೇಳುತ್ತಿತ್ತು. ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ ತಮ್ಮನ ಕೆಮ್ಮನ್ನು ಕದ್ದು ಕೇಳುವ ಗತಿ ಬಂತಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ಆಮೇಲೆ ಅವನು “ಬಂತು” ಎಂದು ಟಕ್ಕನೆ ಇಟ್ಟುಬಿಡುತ್ತಿದ್ದ.

ಒಂದು ದಿನ ಮ್ಯಾನೇಜರ್ ಅವಳ ಕೋಣೆಗೇ ಬಂದರು.

“ಏನ್ರೀ ಮೇಡಂ, ಇನ್ನೂ ಎಷ್ಟು ದಿನ ಮೀನಮೇಷ ಎಣಿಸ್ತೀರಿ? ಫೈಲ್ ಓಪನ್ ಆಗದೆ ಗೇಟಲ್ಲಿ ಲಾರಿಗಳು ನಿಂತು ನಿಂತು ಬೇರು ಬಿಡ್ತಿವೆ. ಡ್ರೈವರುಗಳ ಹತ್ರ ಬೈಸಿಕೊಳ್ಳೋದು ಪಾಪ ಆ ರವಾನೆಯವನು.”

ಬೈಸಿಕೊಳ್ಳುವುದು ಅವನೇ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಆಸೆಗೆ ಕಣ್ಣಿಲ್ಲ. ಅಮ್ಮನ ವಿಷಯದಲ್ಲೂ ಹೀಗೇ ನನ್ನದನ್ನೇ ನೋಡಿಕೊಂಡೆ ಎಂದುಕೊಂಡಳು.

ಅವತ್ತೇ ಕೂತು ರವಾನೆಯ ನಂಬರುಗಳನ್ನೆಲ್ಲ ಹೆಸರು ಹೇಳುವ ಈಗಿನ ಯಂತ್ರಕ್ಕೆ ಸೇರಿಸಿದಳು. ಅವನ ನಂಬರಿನ ಎದುರು, ಹೆಸರಿನ ಜಾಗದಲ್ಲಿ ‘ತಮ್ಮ’ ಎಂದು ಬರೆದಳು. ಅಳಿಸಿ, ‘ರವಾನೆ’ ಎಂದು ಬರೆದಳು. ನಂಬರ್ ಕೊಟ್ಟು ಪರೀಕ್ಷಿಸಿದಾಗ ಹೆಸರು ತಟ್ಟನೆ ಬಂತು. ಇಷ್ಟೇ ಕೆಲಸ.

ಮರುದಿನ ಬೆಳಗ್ಗೆ ಫೋನ್ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಹಾಳಾಗಿದೆಯೇನೋ ಎಂದು ಎತ್ತಿ ನೋಡಿದಳು, ಸರಿಯಾಗಿಯೇ ಇತ್ತು. ಕಿಟಕಿಯಿಂದ ಲಾರಿಗಳು ಒಂದೊಂದಾಗಿ ಹೊರಡುವುದು ಕಾಣುತ್ತಿತ್ತು. ಚಹಾ ಕುಡಿಯೋಣವೆಂದು ಲೋಟಕ್ಕೆ ಕೈ ಚಾಚಿದಾಗ ಫೋನ್ ಬಡಿದುಕೊಂಡಿತು.

“ರವಾನೆಯಿಂದ.”

“ಮತ್ತೆ ಓಪನ್ ಆಗ್ತಿಲ್ವಾ?” ದನಿಯಲ್ಲಿ ಆಸೆ ಇಣುಕಿದ್ದು ಅವಳಿಗೇ ಕೇಳಿಸಿತು.

“ಆಯ್ತು. ತಕ್ಷಣ ಆಯ್ತು.”

“ಮತ್ತೇನು?”

ಅತ್ತ ಲೋಟದ ಸದ್ದಾಯಿತು. ಅವನು ಕೆಮ್ಮಿದ. ಅರ್ಧ ನಿಮಿಷ ಕಳೆಯಿತು. ಸರ್ವರ್ ಆಗಿದ್ದರೆ ಇಷ್ಟರಲ್ಲಿ ಬೇಸತ್ತಿರುತ್ತಿತ್ತು. ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೂತೇ ಇದ್ದಳು. ಅವನೂ ಇಡಲಿಲ್ಲ.