ಕೊನೆಯ ಕೋಣೆಯ ಚಳಿ

ಕ್ಲಾರ್ಕ್ಸ್‌ಬರ್ಗಿನ ಹೊಸ ಮನೆಗಳ ಸಾಲು ಮುಗಿದು ಹೊಲಗಳು ಶುರುವಾಗುವ ಕಡೆ ಹಾಜಿರಾ ಮತ್ತು ಜಮೀಲ್ ಒಂದು ಹಳೆಯ ಮನೆ ಕೊಂಡಿದ್ದರು. ಮಹಡಿಯಿಲ್ಲದ, ರೈಲಿನ ಬೋಗಿಯ ಹಾಗೆ ಉದ್ದಕ್ಕೆ ಚಾಚಿಕೊಂಡ ಮನೆ. ಒಂದು ತುದಿಯಲ್ಲಿ ಅಗಲವಾದ ಹಾಲ್, ಅದರ ಮೂಲೆಯಲ್ಲಿ ಕಬ್ಬಿಣದ ಕಟ್ಟಿಗೆ ಒಲೆ. ಅಲ್ಲಿಂದ ಕಿರಿದಾದ ಪ್ಯಾಸೇಜು, ಅದರ ಪಕ್ಕದಲ್ಲಿ ಇವರಿಬ್ಬರ ಕೋಣೆ, ಮಗಳು ಇಲ್ಮಾಳ ಕೋಣೆ. ಪ್ಯಾಸೇಜು ಹೋಗಿ ಮುಟ್ಟುವುದು ನೆಂಟರ ಕೋಣೆಗೆ.

ಡಿಸೆಂಬರ್ ಎರಡನೆಯ ವಾರ ಮನೆ ಬೆಚ್ಚಗಿಡುವ ಹೀಟ್ ಪಂಪ್ ಕೆಟ್ಟು ಕೂತಿತು. ರಿಪೇರಿಯವನು ಬಂದು ಬಿಚ್ಚಿ ನೋಡಿ, ಬೇಕಾದ ಪಾರ್ಟು ಬರುವುದಕ್ಕೆ ಆರು ವಾರವಾದರೂ ಹಿಡಿಯುತ್ತದೆ ಎಂದು ಹೇಳಿ ಹೋದ. ಹಾಜಿರಾ ತಲೆಯ ಮೇಲೆ ಕೈ ಹೊತ್ತು ಕೂತಳು. ಜಮೀಲನ ಮುಖ ಮಾತ್ರ ಅರಳಿತು.

"ಸ್ಟವ್ ಇದೆಯಲ್ಲ. ಇಡೀ ಮನೇನ ಅದರಲ್ಲೇ ಹೀಟ್ ಮಾಡೋಣ" ಎಂದ.

ಅವನಿಗೆ ಆ ಒಲೆಯ ಮೇಲೆ ಮೊದಲಿನಿಂದಲೂ ಮನಸ್ಸು. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕೂತು ದುಡಿಯುವವನು, ಹಿತ್ತಲಲ್ಲಿ ಹುಳು ಹತ್ತಿ ಸತ್ತು ನಿಂತಿದ್ದ ಮೂರು ಮರಗಳನ್ನು ಹೋದ ವರ್ಷವೇ ಕಡಿಸಿದ್ದ. ಶನಿವಾರ ಶನಿವಾರ ಕೊಡಲಿ ಹಿಡಿದು ತಾನೇ ಸೀಳಿ, ಶೆಡ್ಡಿನಲ್ಲಿ ತಲೆಯೆತ್ತರಕ್ಕೆ ಪೇರಿಸಿದ್ದ. ಒಂದಕ್ಕೊಂದು ಬಡಿದರೆ ಟಣ್ಣೆನ್ನುವಷ್ಟು ಒಣಗಿದ ಸೌದೆ. ಬೆಳಗಿನ ನಮಾಜಿಗೆ ಎದ್ದವನು ಮೊದಲು ಬೂದಿ ಕೆದಕಿ ಕೆಂಡ ಹುಡುಕುತ್ತಿದ್ದ. ಅದರ ಮೇಲೆ ಸಣ್ಣ ಚಕ್ಕೆಗಳನ್ನಿಟ್ಟು ಜ್ವಾಲೆ ಎಬ್ಬಿಸಿ, ಆಮೇಲೆ ಕೈಕಾಲು ಮುಖ ತೊಳೆದು ವುಜೂ ಮಾಡಲು ಹೋಗುತ್ತಿದ್ದ.

ಹಾಲ್ ಏನೋ ಚೆನ್ನಾಗಿಯೇ ಬಿಸಿಯಾಯಿತು. ಚೆನ್ನಾಗಿ ಎಂದರೆ ಎಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಇಲ್ಮಾ ಟೀ ಶರ್ಟಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಆದರೆ ಪ್ಯಾಸೇಜು ದಾಟಿದರೆ ಸ್ವೆಟರು ಬೇಕು, ಕೊನೆಯ ಕೋಣೆಗೆ ಹೋದರೆ ಜಾಕೆಟ್ಟು ಬೇಕು. ಅಲ್ಲಿ ಐವತ್ತೈದು ಡಿಗ್ರಿ.

ಅಷ್ಟರಲ್ಲಿ ಅಟ್ಲಾಂಟಾದಿಂದ ಜಮೀಲನ ಅಕ್ಕ ಸುಮೈರಾ ಆಪಾ ಫೋನ್ ಮಾಡಿ, ಕ್ರಿಸ್‌ಮಸ್ ರಜೆಗೆ ಒಂದು ವಾರ ಬರುತ್ತೇನೆ ಎಂದಳು. ಅವಳಿಗೆ ಅಟ್ಲಾಂಟಾದ ಚಳಿಯೇ ಚಳಿ. ಈ ಮನೆ ಕೊಂಡಾಗ "ಇದು ಮನೆಯೋ ಗೋಡೌನೋ" ಎಂದು ನಕ್ಕಿದ್ದವಳು. ಫೋನ್ ಇಟ್ಟ ಮೇಲೆ ಜಮೀಲ್ ಶೆಡ್ಡಿಗೆ ಹೋಗಿ ಇನ್ನೊಂದು ಹೊರೆ ಸೌದೆ ತಂದ.

"ಆಪಾನ ಆ ರೂಮಲ್ಲಿ ಮಲಗಿಸೋಕಾಗಲ್ಲ. ಹಾಲಲ್ಲೇ ಹಾಸಿಗೆ ಹಾಕೋಣ" ಎಂದಳು ಹಾಜಿರಾ.

"ಬೇಡ. ಅವಳು ಅದನ್ನೇ ಹತ್ತು ವರ್ಷ ಹೇಳ್ತಾಳೆ. ನಾನು ಫಿಕ್ಸ್ ಮಾಡ್ತೀನಿ."

ಒಂದು ಪುಟ್ಟ ಎಲೆಕ್ಟ್ರಿಕ್ ಹೀಟರ್ ತಂದಿಟ್ಟ. ಇಲ್ಮಾ ಮೈಕ್ರೋವೇವ್ ಹಾಕಿದ ಕೂಡಲೇ ಅರ್ಧ ಮನೆಯ ಕರೆಂಟು ಹೋಯಿತು. ಒಲೆಗೆ ಸೌದೆ ಜಾಸ್ತಿ ತುಂಬಿದ. ಹಾಲ್ ಉಗಿ ತುಂಬಿದ ಹಮಾಮಿನಂತಾಯಿತು, ಕೊನೆಯ ಕೋಣೆ ಮಿಸುಕಲಿಲ್ಲ. ಕಡೆಗೆ ಒಲೆಯ ಪಕ್ಕ ಸ್ಟೂಲು ಹಾಕಿ, ಅದರ ಮೇಲೆ ಟೇಬಲ್ ಫ್ಯಾನ್ ಇಟ್ಟು, ಬಿಸಿಗಾಳಿ ಪ್ಯಾಸೇಜಿಗೆ ನುಗ್ಗುವ ಹಾಗೆ ತಿರುಗಿಸಿದ. ಎರಡು ದಿನ ಫ್ಯಾನು ಗುಂಯ್‌ಗುಟ್ಟಿತು. ಕೋಣೆ ಐವತ್ತೇಳಕ್ಕೆ ಬಂದು ನಿಂತಿತು.

ಆಪಾ ಬರುವುದಕ್ಕೆ ನಾಲ್ಕು ದಿನವಿರುವಾಗ, ಭಾನುವಾರ ಮಧ್ಯಾಹ್ನ, ಜಮೀಲ್ ಇಲ್ಮಾಳನ್ನು ಅವಳ ಫ್ರೆಂಡ್ ಮನೆಗೆ ಬಿಡಲು ಹೋಗಿದ್ದ. ಹಾಜಿರಾ ಕೊನೆಯ ಕೋಣೆಯ ಮಂಚಕ್ಕೆ ಹೊದಿಕೆ ಬದಲಿಸುತ್ತಿದ್ದಳು. ಬಾಗಿಲಲ್ಲಿ ನಿಂತಾಗ ಮುಖಕ್ಕೆ ಬಿಸಿ ಸೋಂಕಲಿಲ್ಲ. ಕಾಲಿನ ಬೆರಳುಗಳು ಮಾತ್ರ ಕೊರೆಯುತ್ತಿದ್ದವು.

ಅವಳು ಆಸ್ಪತ್ರೆಯೊಂದರಲ್ಲಿ ಉಸಿರಾಟದ ತೊಂದರೆಯವರನ್ನು ನೋಡಿಕೊಳ್ಳುವ ಥೆರಪಿಸ್ಟ್. ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ, ಕೋವಿಡ್ ರೋಗಿಗಳ ಕೋಣೆಯ ಗಾಳಿ ಹೊರಗೆ ಬರದಂತೆ ಯಂತ್ರಗಳನ್ನು ಕೂಡಿಸುತ್ತಿದ್ದಾಗ, ಅಲ್ಲಿನ ಮೆಂಟೆನೆನ್ಸ್‌ನ ಹಿರಿಯನೊಬ್ಬ ಪ್ರತಿ ಬಾಗಿಲ ಮುಂದೆ ಮಂಡಿಯೂರಿ, ಸಂದಿಯ ಬಳಿ ಸಣ್ಣ ಕೊಳವೆಯಿಂದ ಚೂರು ಹೊಗೆ ಬಿಟ್ಟು ಅದು ಎತ್ತ ಹೋಗುತ್ತದೆ ಎಂದು ನೋಡುತ್ತಿದ್ದ. ಆ ತಿಂಗಳುಗಳನ್ನು ಅವಳು ತಾನಾಗಿ ನೆನೆಯುತ್ತಿರಲಿಲ್ಲ. ಈಗ ನೆನಪಾದದ್ದು ಆ ಮುದುಕನ ಮಂಡಿ, ಅವನ ತಾಳ್ಮೆ.

ಅಡುಗೆಮನೆಯ ಡ್ರಾಯರಿನಲ್ಲಿ ಊದುಬತ್ತಿಯ ಕಟ್ಟಿತ್ತು. ಮೈಸೂರಿನಲ್ಲಿ ಅವಳ ನಾನಿ, ತಾಯಿಯ ತಾಯಿ, ಮಣೆಯ ಮುಂದೆ ಕೂತು ದಿನಕ್ಕೆ ಸಾವಿರಗಟ್ಟಲೆ ಊದುಬತ್ತಿ ಹೊಸೆದವಳು. ಆ ಮನೆತನದ ಹೆಣ್ಣುಮಗಳ ಡ್ರಾಯರಿನಲ್ಲಿ ಅದು ಇಲ್ಲದೆ ಇರುವುದುಂಟೆ. ಹಾಜಿರಾ ಫ್ಯಾನ್ ಆರಿಸಿ, ಒಂದು ಕಡ್ಡಿ ಹಚ್ಚಿಕೊಂಡು ಹಾಲು ಮತ್ತು ಪ್ಯಾಸೇಜಿನ ನಡುವಿನ ಬಾಗಿಲಿಗೆ ಬಂದಳು. ಹೊಗೆ ನೆಟ್ಟಗೆ ಮೇಲೇರಿ, ಬಾಗಿಲ ತಲೆಯ ಹತ್ತಿರ ಬಾಗಿ, ಮೆಲ್ಲಗೆ ಪ್ಯಾಸೇಜಿನ ಕಡೆಗೆ ಹೊರಟಿತು. ಕೂತು ಕಡ್ಡಿಯನ್ನು ನೆಲದ ಹತ್ತಿರ ಹಿಡಿದಳು. ಹೊಗೆ ಹಿಂದಕ್ಕೆ ತಿರುಗಿ ಒಲೆಯ ಕಡೆಗೆ ಸರಸರನೆ ಹರಿಯಿತು.

ಫ್ಯಾನ್ ಹಾಕಿ ಮತ್ತೆ ನೋಡಿದಳು. ಈಗ ಹೊಗೆಗೆ ದಿಕ್ಕೇ ಇಲ್ಲ. ಬಾಗಿಲಲ್ಲೇ ಸುತ್ತಿ ಸುತ್ತಿ ಚೆದುರಿಹೋಗುತ್ತಿತ್ತು.

ಅವಳಿಗೆ ನಗು ಬಂತು. ಬಿಸಿಗಾಳಿ ಮೇಲಿಂದ ತಾನಾಗಿಯೇ ಹೋಗುತ್ತಿದೆ, ತಣ್ಣನೆಯದು ಕೆಳಗಿಂದ ತಾನಾಗಿಯೇ ಬರುತ್ತಿದೆ. ಗಂಡ ನಡುವೆ ಫ್ಯಾನಿಟ್ಟು ಎರಡಕ್ಕೂ ಅಡ್ಡ ನಿಂತಿದ್ದಾನೆ. ಫ್ಯಾನನ್ನು ಎತ್ತಿಕೊಂಡು ಹೋಗಿ ಕೊನೆಯ ಕೋಣೆಯ ಬಾಗಿಲಲ್ಲಿ, ನೆಲದ ಮೇಲೆ, ಒಲೆಯ ಕಡೆಗೆ ಮುಖ ಮಾಡಿಟ್ಟಳು. ಎಲ್ಲಕ್ಕಿಂತ ಕಮ್ಮಿ ಸ್ಪೀಡು. ತಣ್ಣನೆಯದು ನೆಲದಗುಂಟ ಹೊರಟರೆ ಅದರ ಜಾಗಕ್ಕೆ ಮೇಲಿಂದ ಬಿಸಿ ಬರಲೇಬೇಕು. ಚಾ ಮಾಡಿಕೊಂಡು ಬಂದು ಪ್ಯಾಸೇಜಿನ ಗೋಡೆಗೊರಗಿ ಕೂತಳು. ತಣ್ಣನೆಯ ಗಾಳಿ ಪಾದಗಳನ್ನು ಸವರಿಕೊಂಡು ಹಾಲಿನ ಕಡೆಗೆ ಹೋಗುತ್ತಿತ್ತು. ಚಾ ಮುಗಿಯುವಷ್ಟರಲ್ಲಿ ನೆತ್ತಿಯ ಮೇಲೆ ಬಿಸಿಲು ಬಿದ್ದ ಹಾಗೆ ಅನ್ನಿಸಿತು.

ಜಮೀಲ್ ದಿನಸಿಯನ್ನೂ ತೆಗೆದುಕೊಂಡು ಎರಡು ಗಂಟೆ ಬಿಟ್ಟು ಬಂದ. ಸ್ಟೂಲು ಖಾಲಿ ಇದ್ದದ್ದನ್ನು ನೋಡಿ ಅವನ ಹುಬ್ಬು ಗಂಟಿಕ್ಕಿತು. ಫ್ಯಾನ್ ಹುಡುಕಿಕೊಂಡು ಒಳಗೆ ಹೋದ.

"ಇದನ್ನ ಉಲ್ಟಾ ಇಟ್ಟಿದ್ದೀಯಲ್ಲ. ತಣ್ಣಗಿರೋ ಗಾಳೀನ ಹಾಲಿಗೆ ತಳ್ತಾ ಇದೆ."

"ಹೌದು. ಗೋಡೆ ಮೇಲಿನ ಥರ್ಮಾಮೀಟರ್ ನೋಡಿ."

ಅರವತ್ನಾಲ್ಕು. ಜಮೀಲ್ ಅದರ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿದ. ಹಾಜಿರಾ ಇನ್ನೊಂದು ಊದುಬತ್ತಿ ಹಚ್ಚಿ ಅವನ ಕೈಗೆ ಕೊಟ್ಟು, ಬಾಗಿಲ ತಲೆಗೊಮ್ಮೆ, ಹೊಸ್ತಿಲಿಗೊಮ್ಮೆ ಹಿಡಿಸಿದಳು. ಅವನು ಮಂಡಿಯೂರಿ ಬಹಳ ಹೊತ್ತು ಹೊಗೆಯನ್ನೇ ನೋಡುತ್ತಿದ್ದ. ಸೋತವನ ಮುಖವಿರಲಿಲ್ಲ ಅದು. ಹೊಸ ಆಟಿಕೆ ಸಿಕ್ಕ ಹುಡುಗನ ಮುಖ.

"ಎರಡು ದಿನದಿಂದ ನಾನು ಇದರ ಜೊತೆ ಕುಸ್ತಿ ಮಾಡ್ತಿದ್ದೆ, ನೀನು ಸುಮ್ಮನೆ ನೋಡ್ತಿದ್ದೆ" ಎಂದ.

"ನಂಗೂ ಇವತ್ತೇ ಹೊಳೆದಿದ್ದು."

ಇಲ್ಮಾ ಮನೆಗೆ ಬಂದಾಗ ಅಪ್ಪ ಅವಳಿಗೂ ಹೊಗೆ ತೋರಿಸಿದ. "ಸೋ ಅಮ್ಮಿ ಫಿಕ್ಸ್ಡ್ ಇಟ್" ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ಸುಮೈರಾ ಆಪಾ ಎರಡು ಶಾಲು, ಉಣ್ಣೆಯ ಟೋಪಿ, ರಬ್ಬರಿನ ಬಿಸಿನೀರ ಚೀಲ ಸಮೇತ ಬಂದಿಳಿದಳು. ಮಾರನೆಯ ಬೆಳಿಗ್ಗೆ ಎಲ್ಲರೂ ನಾಷ್ಟಾಕ್ಕೆ ಕೂತಾಗ, ಕಣ್ಣುಜ್ಜುತ್ತ, ಬರಿಗಾಲಲ್ಲಿ ಬಂದಳು. ಜಮೀಲ್ ತುತ್ತು ಕೈಯಲ್ಲೇ ಹಿಡಿದು ಕಾದ.

"ನಿದ್ದೆ ಹೇಗಾಯ್ತು ಆಪಾ?"

"ಚೆನ್ನಾಗಾಯ್ತು ಕಣೋ. ಸ್ವಲ್ಪ ಸೆಖೆ ಅನ್ನಿಸ್ತು. ಎದ್ದು ಕಿಟಕಿ ಚೂರು ಓಪನ್ ಮಾಡ್ಕೊಂಡೆ."

ಜಮೀಲ್ ಹೆಂಡತಿಯ ಕಡೆ ನೋಡಿದ. ಹಾಜಿರಾ ನಗು ತಡೆಯಲು ದೋಸೆ ಮಗುಚುವ ನೆಪದಲ್ಲಿ ಕಾವಲಿಯ ಕಡೆಗೆ ತಿರುಗಿಕೊಂಡಳು. ಅವಳ ಬೆನ್ನ ಹಿಂದೆ ಅವನು ಅಕ್ಕನಿಗೆ ಹೇಳುವುದು ಕೇಳಿಸಿತು: "ಅದೆಲ್ಲ ಹಾಜಿರಾಂದು. ನಂದು ಸೌದೆ ಮಾತ್ರ." ಆಸ್ಪತ್ರೆಯಲ್ಲಿ ಐದಾರು ವರ್ಷದಲ್ಲಿ ಅವಳಿಗೆ ಪ್ರಶಂಸಾ ಪತ್ರಗಳು ಬಂದಿದ್ದವು, ಚಪ್ಪಾಳೆಗಳೂ ಬಂದಿದ್ದವು. ಈ ಮಾತು ಅವುಗಳಿಗಿಂತ ಹಿತವಾಗಿತ್ತು.

ಒಂದು ವಾರಕ್ಕೆಂದು ಬಂದ ಆಪಾ ಹನ್ನೊಂದು ದಿನ ಉಳಿದಳು. ಒಲೆಯ ಮೇಲೆ ಬೇಳೆ ಮಾಂಸದ ದಾಲ್ಚಾ ಇಟ್ಟು ನಿಧಾನವಾಗಿ ಕುದಿಸಿದಳು, ಇಲ್ಮಾಳಿಗೆ ಸ್ವೆಟರು ಹೆಣೆಯುವುದು ಕಲಿಸಿದಳು. ಜನವರಿ ಅರ್ಧ ಕಳೆದ ಮೇಲೆ ರಿಪೇರಿಯವನ ಫೋನ್ ಬಂತು. ಪಾರ್ಟು ಬೇಗನೆ ಬಂದಿದೆ, ನಾಳೆಯೇ ಬರಬಹುದು ಎಂದ. ಹಾಜಿರಾ ಹಾಲಿನಿಂದ ಪ್ಯಾಸೇಜಿನ ಕಡೆ ಕಣ್ಣು ಹಾಯಿಸಿದಳು. ಮನೆಯ ಬಾಗಿಲುಗಳೆಲ್ಲ ತೆರೆದಿದ್ದವು.

"ಅರ್ಜೆಂಟೇನಿಲ್ಲ. ಮುಂದಿನ ವಾರ ಬನ್ನಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನಿಟ್ಟು, ಕೈಗವಸು ಹಾಕಿಕೊಂಡು ಸೌದೆ ತರಲು ಶೆಡ್ಡಿಗೆ ಹೊರಟಳು.